ಚೊಚ್ಚಲ ಹೆರಿಗೆಗೆ ಒಂದು ಹಾಳೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ನರ್ಸಮ್ಮನಾಗಿ ತಿರುಗಿ ನಿವೃತ್ತಿಯಾದವಳು ನಾನು. ಈಗಲೂ ಬೀದಿಯಲ್ಲಿ ಸಿಕ್ಕ ಹುಡುಗಿಯರು ನಿಲ್ಲಿಸಿ ಕೇಳುತ್ತಾರೆ: "ಸಿಸ್ಟರ್, ಬರ್ತ್ ಪ್ಲಾನ್ ಅಂತ ಬರ್ದಿಟ್ಕೋಬೇಕಂತಲ್ಲ, ನಾನೇನು ಬರೀಲಿ?" ಫೋನಿನಲ್ಲಿ ಓದಿದ್ದನ್ನು ತೋರಿಸುತ್ತಾರೆ. ಮಂದ ಬೆಳಕು, ಮೆಲುದನಿಯ ಹಾಡು, ನೀರಿನ ತೊಟ್ಟಿ ಎಲ್ಲ ಇರುತ್ತದೆ.

ಇಂಥ ಹಾಳೆ ಬರೆಯುವ ಪದ್ಧತಿಗೆ ರೂಪ ಕೊಟ್ಟವರು ಅಮೆರಿಕದ ಪೆನ್ನಿ ಸಿಮ್ಕಿನ್ ಮತ್ತು ಕಾರ್ಲಾ ರೈನ್ಕೆ, 1980ರಲ್ಲಿ. ಅಲ್ಲಿಯ ಆಸ್ಪತ್ರೆಗಳಲ್ಲಿ ಬಸುರಿಯನ್ನು ಕೇಳದೆಯೇ ಎಲ್ಲವೂ ನಡೆಯುತ್ತಿದ್ದ ಕಾಲ ಅದು. ನಮ್ಮ ಕಡೆ ಗಂಡಾಂತರ ಆಸ್ಪತ್ರೆಯ ಬಾಗಿಲಿಗಿಂತ ಬಹಳ ಮುಂಚೆ, ಮನೆಯ ಜಗಲಿಯಲ್ಲೇ ಶುರುವಾಗುತ್ತದೆ. ಹಾಗಾಗಿ ನಮ್ಮ ಹಾಳೆಯ ಮೊದಲ ಸಾಲುಗಳೇ ಬೇರೆ.

1. "ಹೊರಡೋಣ" ಎನ್ನುವವರು ಯಾರು ಎಂದು ಮೊದಲು ತೀರ್ಮಾನಿಸಿ

ತಾಯಂದಿರ ಸಾವಿನ ಬಗ್ಗೆ 1994ರಲ್ಲಿ ತ್ಯಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ಸಂಶೋಧಕಿಯರು ಮೂರು ತಡಗಳನ್ನು ಗುರುತಿಸಿದರು. ಹೊರಡಲು ತೀರ್ಮಾನಿಸುವುದರಲ್ಲಿ ತಡ, ದಾರಿಯಲ್ಲಿ ತಡ, ಆಸ್ಪತ್ರೆ ಸೇರಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ. ಎರಡನೆಯದಕ್ಕೆ ಆಂಬುಲೆನ್ಸ್ ಬಂತು, ಮೂರನೆಯದಕ್ಕೆ ಸರ್ಕಾರ ಏನೇನೋ ಮಾಡುತ್ತಿದೆ. ಮೊದಲನೆಯದಕ್ಕೆ ಮನೆಯವರೇ ಮದ್ದು.

ನಾನು ಕಂಡದ್ದು ಹೀಗೆ. ಗಂಡ ಬಿಡದಿಯ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್, ಮೊಬೈಲು ಲಾಕರಿನಲ್ಲಿ. ಅತ್ತೆಗೆ ಸೊಸೆಯ ನೋವು ನಿಜವೆಂದು ಗೊತ್ತು, ಆದರೆ "ಅವ್ನು ಬಂದ್ಮೇಲೆ ಒಂದ್ಮಾತು ಕೇಳೋಣ" ಎನ್ನುತ್ತಾರೆ. ಮಾವನಿಗೆ ಹೆಂಗಸರ ವಿಷಯದಲ್ಲಿ ಬಾಯಿ ಹಾಕಲು ಸಂಕೋಚ. ಯಾರೂ ಕೆಟ್ಟವರಲ್ಲ, ಆದರೂ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಯಾರೂ "ಹೊರಡಿ" ಎನ್ನಲಿಲ್ಲ. ಅದಕ್ಕೇ ಏಳು ತಿಂಗಳಲ್ಲೇ ಎಲ್ಲರೂ ಕೂತಿರುವಾಗ ಮಾತಾಡಿಕೊಳ್ಳಿ. ಗಂಡ ಇಲ್ಲದಿದ್ದರೆ ಅತ್ತೆ ಹೇಳಿದ್ದೇ ಕೊನೆ, ಅತ್ತೆಯೂ ಇಲ್ಲದಿದ್ದರೆ ಪಕ್ಕದ ಮನೆಯ ಅಕ್ಕ. ಎರಡು ಹೆಸರು, ಎರಡು ನಂಬರು ಬರೆಯಿರಿ. ಇನ್ನೊಂದು ಮಾತು: ಹದಿನೆಂಟು ತುಂಬಿ ಪ್ರಜ್ಞೆ ಸರಿಯಿರುವ ಹೆಂಗಸು ತನ್ನ ಆಪರೇಷನ್ನಿನ ಒಪ್ಪಿಗೆಗೆ ತಾನೇ ಸಹಿ ಹಾಕಬಹುದು. ಗಂಡನ ಸಹಿಗೆ ಕಾಯಲೇಬೇಕೆಂದು ತುಂಬಾ ಮನೆಗಳಲ್ಲಿ ನಂಬಿದ್ದಾರೆ.

ಯಾವಾಗ ಹೊರಡಬೇಕು ಎನ್ನುವುದನ್ನೂ ಅಲ್ಲೇ ಬರೆದಿಡಿ. ರಕ್ತ ಕಂಡರೆ, ನೀರು ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಜ್ವರ ಏರಿದರೆ, ಮಗುವಿನ ಆಟ ಕಡಿಮೆಯಾದರೆ ಯಾರನ್ನೂ ಕೇಳುವುದಿಲ್ಲ, ಹೊರಡುವುದೇ. ಚೊಚ್ಚಲ ಹೆರಿಗೆಯ ನೋವು ಅರ್ಧ ದಿನಕ್ಕಿಂತ ಹೆಚ್ಚು ಎಳೆಯುವುದು ಸಹಜ. ಅದೇ ಧೈರ್ಯದಲ್ಲಿ ದೂರದ ಹಳ್ಳಿಯವರು ಕಾಯುತ್ತಾ ಕೂರಬಾರದು.

2. ಚಾಕಿ ತರುವ ಮುಂಚೆ ತಾಯಿ ಕಾರ್ಡಿನ ತಾರೀಕು ನೋಡಿ

ಇದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ರೇಷ್ಮೆ ಹುಳು ಸಾಕುವ ಮನೆಯಲ್ಲಿ, ಪೊರೆ ಬಿಡುವ ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ತನಕ ಒಬ್ಬರಿಗೂ ಬಿಡುವಿರುವುದಿಲ್ಲ. ಹಗಲೂ ರಾತ್ರಿ ಸೊಪ್ಪು ಕೊಯ್ಯಬೇಕು, ಹಾಕಬೇಕು, ಕಸ ತೆಗೆಯಬೇಕು. ಆ ವಾರದಲ್ಲೇ ಸೊಸೆಗೆ ನೋವು ಬಂದರೆ ಆಸ್ಪತ್ರೆಗೆ ಜೊತೆಗೆ ಹೋಗುವವರು ಯಾರು? ಚಾಕಿ, ಅಂದರೆ ಎಳೆಯ ಹುಳು ತಂದ ಮೇಲೆ ಸುಮಾರು ಮೂರು ವಾರದ ಕೆಲಸ. ಕಾರ್ಡಿನಲ್ಲಿ ಬರೆದ ತಾರೀಕಿನಂದೇ ಹೆರಿಗೆಯಾಗುವುದು ಅಪರೂಪ, ಹಿಂದೆ ಮುಂದೆ ಎರಡು ವಾರ ಅಂತ ಇಟ್ಟುಕೊಳ್ಳಬೇಕು. ಆ ತಿಂಗಳ ಬೆಳೆಯನ್ನು ಒಂದಷ್ಟು ಮುಂದೂಡಿ, ಇಲ್ಲವೇ ಕಡಿಮೆ ಮೊಟ್ಟೆ ಇಡಿ. ಗೂಡು ಮಾರಿದ ದುಡ್ಡು ಹೆರಿಗೆಗಿಂತ ಮುಂಚೆ ಕೈಸೇರುವಂತೆ ಲೆಕ್ಕ ಹಾಕಿದ ಜಾಣ ಮಾವಂದಿರನ್ನೂ ನೋಡಿದ್ದೇನೆ.

ಹುಳುಮನೆಗೆ ಫಾರ್ಮಾಲಿನ್, ಬ್ಲೀಚಿಂಗ್ ಹೊಡೆಯುವಾಗ ಬಸುರಿ ಆ ಕಡೆ ಸುಳಿಯಬಾರದು. ಫಿಲೇಚರಿನ ಹಬೆಯಲ್ಲಿ ದಿನವಿಡೀ ನಿಂತು ನೂಲು ತೆಗೆಯುವವರು ಎಷ್ಟನೇ ತಿಂಗಳಿಗೆ ನಿಲ್ಲಿಸಬೇಕೆಂದು ಡಾಕ್ಟರನ್ನು ಕೇಳಿ, ಅದನ್ನೂ ಹಾಳೆಗೆ ಸೇರಿಸಿ.

3. ತವರಿಗೆ ಹೋಗುವಾಗ ಕಾರ್ಡೂ ಹೋಗಲಿ, ಸುದ್ದಿಯೂ ಹೋಗಲಿ

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಸರಿ. ಆದರೆ ಸೀಮಂತ ಮುಗಿಸಿ ಮಾಗಡಿಯಿಂದ ಕನಕಪುರಕ್ಕೆ ಹೋದ ಹುಡುಗಿ ಇತ್ತ ಆಶಾ ಕಾರ್ಯಕರ್ತೆಯ ಕಣ್ಣಿಂದ ತಪ್ಪಿಸಿಕೊಳ್ಳುತ್ತಾಳೆ, ಅತ್ತ ಆಶಾಗೆ ಬಂದಿರುವುದೇ ಗೊತ್ತಿರುವುದಿಲ್ಲ. ಕಡೆಯ ಎರಡು ತಿಂಗಳು, ಬಿ.ಪಿ. ಏರುವ ಕಾಲದಲ್ಲೇ, ತೋಳಿಗೆ ಪಟ್ಟಿ ಕಟ್ಟುವವರಿಲ್ಲ. ಹೊರಡುವ ದಿನ ಇಲ್ಲಿಯ ಆಶಾಗೆ ಹೇಳಿ, ತಲುಪಿದ ವಾರದೊಳಗೆ ಅಲ್ಲಿಯ ಆಶಾಳನ್ನು ಮನೆಗೆ ಕರೆಸಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟು, ರಕ್ತಪರೀಕ್ಷೆಯ ಚೀಟಿ ಎಲ್ಲ ಒಂದೇ ಕವರಿನಲ್ಲಿ. ಮಡಿಲು ತುಂಬಿದ ಸೀರೆಯ ಜೊತೆ ಅದನ್ನು ಬೀರುವಿನಲ್ಲಿ ಬೀಗ ಹಾಕಿಡುವ ಅಮ್ಮಂದಿರಿದ್ದಾರೆ. ಕೀಲಿ ಎಲ್ಲಿದೆಯೆಂದು ಇನ್ನೊಬ್ಬರಿಗೂ ಗೊತ್ತಿರಲಿ.

4. ದಾರಿಯನ್ನು ಹಗಲಿನಲ್ಲಿ ಒಮ್ಮೆ ನೋಡಿಕೊಳ್ಳಿ

ನಾಲ್ಕು ತಾಲ್ಲೂಕಿಗೂ ಒಂದೇ ದಾರಿಯಲ್ಲ. ರಾಮನಗರದ ಜಿಲ್ಲಾಸ್ಪತ್ರೆಯಿಂದ ಮುಂದಕ್ಕೆ ಕಳಿಸಿದರೆ ಸಾಮಾನ್ಯವಾಗಿ ಬೆಂಗಳೂರಿನ ವಾಣಿವಿಲಾಸ. ಚನ್ನಪಟ್ಟಣದವರಿಗೆ ಮಂಡ್ಯದ ಮಿಮ್ಸ್ ಕೂಡ ಹತ್ತಿರ. ಮಾಗಡಿ, ಕನಕಪುರದವರಿಗೆ ರೈಲಿಲ್ಲ, ರಸ್ತೆಯೇ ಗತಿ.

ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟಿನಿಂದ ಅದರ ಮುಖ್ಯರಸ್ತೆಗೆ ಆಟೊ, ಬೈಕು ನಿಷಿದ್ಧ. ಗೊತ್ತಿರುವ ಆಟೊದವನನ್ನು ನೆಚ್ಚಿಕೊಂಡವರು ಸರ್ವಿಸ್ ರಸ್ತೆಯಲ್ಲೇ, ಊರೊಳಗಿನ ಹಳೇ ರಸ್ತೆಯಲ್ಲೇ ಹೋಗಬೇಕು. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಒಮ್ಮೆ ತಪಾಸಣೆಗೆ ಹೋಗುವ ದಿನವೇ ನೋಡಿಕೊಳ್ಳಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾದದ್ದನ್ನು ಯಾರೂ ಮರೆತಿಲ್ಲ. ಮಳೆಗಾಲದ ಹೆರಿಗೆಯಾದರೆ ಎರಡನೇ ದಾರಿಯೂ ಹಾಳೆಯಲ್ಲಿರಲಿ.

ಕನಕಪುರದ ಕಾಡಂಚಿನ ಊರುಗಳದ್ದು ಬೇರೆಯೇ ಲೆಕ್ಕ. ಸಂಜೆಯಾದ ಮೇಲೆ ಆನೆ ರಸ್ತೆಗಿಳಿಯುತ್ತದೆ, ಬೈಕಿನಲ್ಲಿ ಹೋಗುವುದಂತೂ ಸಲ್ಲ. ಅಲ್ಲಿಯವರಿಗೆ ನನ್ನ ಮಾತು ಒಂದೇ: ದಿನ ತುಂಬಿದ ಮೇಲೆ ಪೇಟೆಯಲ್ಲಿರುವ ನೆಂಟರ ಮನೆಗೆ ಬಂದುಬಿಡಿ. ನೆಂಟರಿಲ್ಲದಿದ್ದರೆ, ನೋವು ಸುಳ್ಳೋ ನಿಜವೋ ಎಂದು ನೋಡುತ್ತಾ ಕೂರದೆ, ಬೆಳಕಿರುವಾಗಲೇ ಹೊರಡಿ. ಸುಳ್ಳು ನೋವಾದರೆ ವಾಪಸ್ ಬಂದರಾಯಿತು, ಅದರಲ್ಲಿ ನಾಚಿಕೆಯೇನಿದೆ?

108 ನಮ್ಮ ರಾಜ್ಯದಲ್ಲಿ 2008ರ ನವೆಂಬರಿನಿಂದ ಇದೆ. ಕರೆ ಮಾಡಿದಾಗ ಊರಿನ ಹೆಸರೊಂದೇ ಸಾಲದು. ಗೇಟು, ಅರಳಿಕಟ್ಟೆ, ಡೇರಿ ಎಂದು ಗುರುತು ಹೇಳಬೇಕು. ಆ ಎರಡು ಸಾಲನ್ನು ಮುಂಚೆಯೇ ಬರೆದಿಡಿ, ಗಾಬರಿಯಲ್ಲಿ ನಾಲಿಗೆ ತೊದಲುತ್ತದೆ.

5. ರಕ್ತದ ಸಾಲು ಖಾಲಿ ಬಿಡಬೇಡಿ

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ. ಹೆರಿಗೆಯಾದ ಮೇಲೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅಪಾಯ. 12 ಇದ್ದವಳು ತಡೆದುಕೊಳ್ಳುವಷ್ಟನ್ನು 7 ಇದ್ದವಳು ತಡೆಯಲಾರಳು. ಕಬ್ಬಿಣಾಂಶದ ಮಾತ್ರೆ ದಿನಕ್ಕೊಂದರಂತೆ 180 ದಿನ, ಕಾಫಿ ಟೀ ಜೊತೆ ಬೇಡ. ಮಲ ಕಪ್ಪಾಯಿತೆಂದು ಮಾತ್ರೆಯನ್ನು ತಿಪ್ಪೆಗೆ ಎಸೆಯುವವರೇ ಹೆಚ್ಚು. ಕಪ್ಪಾಗುವುದು ಸಹಜ.

ಗುಂಪು ನೆಗೆಟಿವ್ ಆದರೆ ದಪ್ಪಕ್ಷರದಲ್ಲಿ ಬರೆಯಿರಿ. ಗಂಡನದು ಪಾಸಿಟಿವ್ ಇದ್ದರೆ 28ನೇ ವಾರಕ್ಕೆ ಆಂಟಿ-ಡಿ ಇಂಜೆಕ್ಷನ್ ಬಗ್ಗೆ ಡಾಕ್ಟರನ್ನು ಕೇಳಬೇಕು, ಮಗುವೂ ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಮ್ಮೆ. ಈ ಮಗುವಿಗಿಂತ ಮುಂದಿನ ಮಗುವಿಗೆ ಅದು ಮುಖ್ಯ. ರಕ್ತ ಕೊಡಲು ಸಿದ್ಧವಿರುವ ಇಬ್ಬರ ಹೆಸರೂ ಇರಲಿ.

6. ಆಸ್ಪತ್ರೆಯ ಕಟ್ಟಡ ನೋಡಿ ಆರಿಸಬೇಡಿ

ಕೇಳಬೇಕಾದ್ದು ಇಷ್ಟೇ: ರಾತ್ರಿ ಎರಡಕ್ಕೆ ಸಿಸೇರಿಯನ್ ಆಗುತ್ತದೆಯೇ? ಅರಿವಳಿಕೆ ಡಾಕ್ಟರು ಊರಲ್ಲಿರುತ್ತಾರೆಯೇ? ರಕ್ತ ಎಲ್ಲಿಂದ ಬರುತ್ತದೆ? ಮಗು ಅಳದಿದ್ದರೆ ನೋಡಿಕೊಳ್ಳುವ ಘಟಕ ಇದೆಯೇ? ಹೊಳೆಯುವ ಟೈಲ್ಸಿನ ಎಷ್ಟೋ ನರ್ಸಿಂಗ್ ಹೋಮುಗಳು ಎರಡನೇ ಪ್ರಶ್ನೆಗೇ ತಡವರಿಸುತ್ತವೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟರರ ವಿಶೇಷ ತಪಾಸಣೆ ಇರುತ್ತದೆ. ಈ ಪ್ರಶ್ನೆಗಳನ್ನು ಕೇಳಲು ಅದೇ ಒಳ್ಳೆಯ ದಿನ.

7. ಜೊತೆಗೆ ಇರುವವಳು ಗಟ್ಟಿಗಿತ್ತಿಯಾಗಿರಲಿ

ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆ ಒಬ್ಬ ಹೆಂಗಸು ಇರಲು ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಒಪ್ಪಿಗೆ ಕೊಟ್ಟಿದೆ. ಆದರೂ ಜಾಗವಿಲ್ಲ, ಗಲಾಟೆ ಎಂದು ಹೊರಗೇ ನಿಲ್ಲಿಸುವ ಕಡೆಗಳಿವೆ. ಮುಂಚೆಯೇ ಡ್ಯೂಟಿ ಸಿಸ್ಟರನ್ನು ನಯವಾಗಿ ಕೇಳಿಟ್ಟುಕೊಳ್ಳಿ. ಹೆತ್ತಮ್ಮನೇ ಇರಬೇಕೆಂದಿಲ್ಲ. ಮಗಳು ಕಿರುಚಿದರೆ ತಾನೂ ಅಳುವ ಅಮ್ಮನಿಗಿಂತ ಬೆನ್ನು ನೀವಿ, ನೀರು ಕುಡಿಸಿ, "ಇನ್ನೇನು ಆಯ್ತು ಕಣವ್ವ" ಎನ್ನುವ ಚಿಕ್ಕಮ್ಮ ಮೇಲು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಂಥವರ ಕೈಗುಣದಲ್ಲಿ ಬಹುಪಾಲು ಇದ್ದದ್ದು ಈ ಪಕ್ಕದಲ್ಲಿ ಕೂತು ಬಿಡದ ಗುಣವೇ ಎಂದು ನನ್ನ ಅನಿಸಿಕೆ.

8. ನಿಮ್ಮ ಆಸೆಗಳು ನಾಲ್ಕೇ ಸಾಲಿನಲ್ಲಿರಲಿ

ಉದ್ದ ಪಟ್ಟಿಯನ್ನು ಡ್ಯೂಟಿಯಲ್ಲಿರುವ ಯಾವ ಸಿಸ್ಟರೂ ಓದುವುದಿಲ್ಲ, ನಾನೂ ಓದುತ್ತಿರಲಿಲ್ಲ. ಇಷ್ಟು ಸಾಕು: ನೋವಿನಲ್ಲಿ ಓಡಾಡಲು ಬಿಡಿ. ಹೆರಿಗೆಯ ದಾರಿಯನ್ನು ಅಗತ್ಯವಿದ್ದರೆ ಮಾತ್ರ ಕೊಯ್ಯಿರಿ, ಕೊಯ್ಯುವ ಮುಂಚೆ ಹೇಳಿ. ಮಗು ಚೆನ್ನಾಗಿದ್ದರೆ ಹೊಕ್ಕುಳಬಳ್ಳಿ ಕತ್ತರಿಸಲು ಒಂದು ನಿಮಿಷವಾದರೂ ಕಾಯಿರಿ. ಮಗುವನ್ನು ಎದೆಯ ಮೇಲೆ ಹಾಕಿ, ಒಂದು ಗಂಟೆಯೊಳಗೆ ಹಾಲು ಕೊಡಿಸಿ. ಇದರಲ್ಲಿ ಯಾವುದೂ ವಿಲಾಸವಲ್ಲ, ಎಲ್ಲವೂ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಮಾತು. ಮೊದಲ ಹಾಲನ್ನು ಹಿಂಡಿ ಚೆಲ್ಲಿ ಸಕ್ಕರೆ ನೀರು, ಜೇನು ನೆಕ್ಕಿಸುವ ಅಜ್ಜಿಯರಿಗೆ ಈ ಸಾಲನ್ನು ಮನೆಯಲ್ಲೇ ಓದಿ ಹೇಳಿಬಿಡಿ.

9. ಸಿಸೇರಿಯನ್‌ಗೂ ಜಾಗ ಬಿಡಿ, ಮುಹೂರ್ತಕ್ಕೆ ಬೇಡ

2019–21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹತ್ತಿರತ್ತಿರ ಮೂರರಲ್ಲೊಂದು ಹೆರಿಗೆ ಸಿಸೇರಿಯನ್. ನಾರ್ಮಲ್ ಆಗದಿದ್ದರೆ ಸೋತೆ ಎಂದುಕೊಳ್ಳುವ ಹುಡುಗಿಯರನ್ನು ಕಂಡರೆ ಸಂಕಟವಾಗುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್ನಿನಲ್ಲೂ ಮಗುವನ್ನು ತೋರಿಸಿ, ಮುಟ್ಟಿಸಿ, ಬೇಗ ಹಾಲು ಕೊಡಿಸಬಹುದು. ಆ ಒಂದು ಸಾಲನ್ನು ಬರೆದಿಡಿ. ಆದರೆ ನಕ್ಷತ್ರ ನೋಡಿಸಿ ಗಂಟೆ ಗೊತ್ತು ಮಾಡಿಕೊಂಡು ಬಂದು ಕೊಯ್ಯಿರಿ ಎನ್ನುವವರ ಬಗ್ಗೆ ನನಗೆ ಒಳ್ಳೆ ಮಾತಿಲ್ಲ. ದಿನ ತುಂಬದ ಮಗು ಉಸಿರಿಗೆ ಒದ್ದಾಡುವಾಗ ಯಾವ ಗುರುಬಲವೂ ಬಂದು ಆಕ್ಸಿಜನ್ ಹಿಡಿಯುವುದಿಲ್ಲ.

10. ದುಡ್ಡು

2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲ ಉಚಿತ. ವಾಪಸ್ ಮನೆಗೆ ಬಿಡಲು ನಗು-ಮಗು ವಾಹನವನ್ನು ಕೇಳಿ. ಮಾತೃವಂದನಾ ಯೋಜನೆಯ 5,000 ರೂಪಾಯಿ ಬಸುರಿಯ ಸ್ವಂತ ಖಾತೆಗೆ ಬರುವುದು, ಆಧಾರ್ ಜೋಡಣೆ ಮುಂಚೆ ಮಾಡಿಸಿ. "ಖುಷಿಗೆ ಏನಾದ್ರೂ ಕೊಡಿ" ಎಂದು ಕೈಚಾಚುವವರು ಸಿಗುತ್ತಾರೆ, ಗಂಡು ಮಗುವಾದರೆ ಕೈ ಇನ್ನೂ ಉದ್ದ. ಕೊಡಬೇಕಾಗಿಲ್ಲ. ದೂರಿಗೆ 104 ಇದೆ.

11. ಬಾಣಂತನದ ಸಾಲುಗಳು

ಹೆರಿಗೆಯಾಯಿತೆಂದರೆ ಹಾಳೆ ಮುಗಿಯಿತು ಎಂದುಕೊಳ್ಳುತ್ತಾರೆ. ರಕ್ತಸ್ರಾವ, ನಂಜು, ಫಿಟ್ಸ್ ಹೆರಿಗೆಯ ನಂತರವೂ ಬರುತ್ತವೆ. ಮಗು ಚೆನ್ನಾಗಿದ್ದರೂ 48 ಗಂಟೆ ಆಸ್ಪತ್ರೆಯಲ್ಲೇ ಇರಿ. ಮನೆಗೆ ಬಂದ ಮೇಲೆ ಆಶಾ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಸೂತಕವೆಂದು ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಬಾಣಂತಿಗೆ ನೀರು ಕಡಿಮೆ ಕೊಡುವುದು, ಗಾಳಿಯಾಡದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು ಎರಡನ್ನೂ ಬಿಡಿ. ಎಣ್ಣೆ ನೀರು, ಬೆಚ್ಚಗಿನ ಊಟ, ಕೆಲಸದಿಂದ ಬಿಡುವು ಇರಲಿ, ಅವು ಒಳ್ಳೆಯವೇ. ಎರಡು ವಾರ ದಾಟಿದ ಮೇಲೂ ಬಾಣಂತಿ ಸುಮ್ಮಸುಮ್ಮನೆ ಅಳುತ್ತಿದ್ದರೆ, ಮಗುವನ್ನು ಮುಟ್ಟಲೂ ಮನಸ್ಸಿಲ್ಲದಿದ್ದರೆ ದೃಷ್ಟಿ ತೆಗೆದು ಸುಮ್ಮನಾಗದೆ ಡಾಕ್ಟರಿಗೆ ತೋರಿಸಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಹೆಸರು ಇನ್ನೂ ಇಟ್ಟಿಲ್ಲವೆಂದು ಕಾಯಬೇಡಿ, ಹೆಸರನ್ನು ಆಮೇಲೂ ಸೇರಿಸಬಹುದು.