ಜಪಸರದ ಹೊತ್ತಿಗೆ ಬಾಗಿಲು ಹಾಕಿಕೊಳ್ಳುವ ಮಗ

ಪ್ರಶ್ನೆ: ನನ್ನ ಮಗ ಹತ್ತನೇ ತರಗತಿ. ಏಳರವರೆಗೆ ನಮ್ಮೂರ ಕನ್ನಡ ಶಾಲೆಯಲ್ಲಿ ಚೆನ್ನಾಗಿಯೇ ಓದುತ್ತಿದ್ದ. ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಈಗ ಪುಸ್ತಕ ಮುಟ್ಟುವುದಿಲ್ಲ, ಹೇಳಿದ್ದು ಕೇಳುವುದಿಲ್ಲ, ಮಾತಿಗೆ ಮೊದಲು ಎದುರುತ್ತರ, ಕೈಯಲ್ಲಿ ಸದಾ ಮೊಬೈಲ್. ದಿನವೂ ಸಂಜೆ ಮನೆಯವರೆಲ್ಲ ಜಪಸರ ಮಾಡುತ್ತೇವೆ. ಕೊನೆಯಲ್ಲಿ, ಇವನಿಗೂ ಅಕ್ಕನ ಹಾಗೆ ಓದುವ ಬುದ್ಧಿ ಬರಲಿ ಎಂದು ನಾನು ಗಟ್ಟಿಯಾಗಿ ಪ್ರಾರ್ಥಿಸುತ್ತೇನೆ. ಎರಡು ತಿಂಗಳಿಂದ ಆ ಹೊತ್ತಿಗೆ ಸರಿಯಾಗಿ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಾನೆ. ಚರ್ಚಿನ ಹಬ್ಬಕ್ಕೆ ಸೀರಿಯಲ್ ಲೈಟ್ ಕಟ್ಟುವುದಕ್ಕೆ ಮಾತ್ರ ರಾತ್ರಿಯೆಲ್ಲ ನಿದ್ದೆಗೆಡುತ್ತಾನೆ. ಬೆತ್ತದ ಮಾತು ಬೈಬಲಿನಲ್ಲೇ ಇದೆ ಎಂದು ಯಜಮಾನರು ಕೈ ಎತ್ತುತ್ತಾರೆ. ದೋರನಹಳ್ಳಿ ಸಂತ ಅಂತೋನಿಯವರಿಗೆ ಹರಕೆ ಹೊತ್ತಿದ್ದೇನೆ. ಇನ್ನು ಯಾವ ನೊವೇನ ಮಾಡಲಿ? ಧ್ಯಾನಕೂಟಕ್ಕೆ ಕಳಿಸಿದರೆ ಸರಿಹೋಗುತ್ತಾನೆಯೇ?
— ನೊಂದ ತಾಯಿ, ಹಾಸನ ಜಿಲ್ಲೆ

ಉತ್ತರ: ಸಹೋದರಿ, ನೊವೇನದ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಮುಚ್ಚಿದ ಬಾಗಿಲಿನ ಈಚೆ ನಡೆಯುವುದನ್ನು ನೋಡೋಣ. ನೀವು ಮಾತಾಡುವುದು ದೇವರ ಜೊತೆ, ಆದರೆ ಅದು ಮಗನಿಗೆ ಕೇಳಿಸಲಿ ಎಂಬ ಆಸೆಯೂ ಒಳಗೊಳಗೇ ಇದೆ. ಓದದವನು, ಹೇಳಿದ್ದು ಕೇಳದವನು, ಅಕ್ಕನಂತಲ್ಲದವನು ಎಂದು ಪ್ರತಿ ಸಂಜೆ ಎಲ್ಲರೆದುರು, ಅದೂ ಪೀಠದ ಮುಂದೆ, ಅವನ ಮೇಲೊಂದು ದೂರು ದಾಖಲಾಗುತ್ತದೆ. ನೇರವಾಗಿ ಬೈದಿದ್ದರೆ ಎದುರುತ್ತರ ಕೊಡುತ್ತಿದ್ದ. ಪ್ರಾರ್ಥನೆಗೆ ಏನೆಂದು ಎದುರುತ್ತರ ಕೊಟ್ಟಾನು? ಎದ್ದು ಹೋಗುತ್ತಾನೆ. ಅವನು ದೇವರನ್ನೇ ಬಿಟ್ಟುಬಿಟ್ಟ ಎಂದು ಹೆದರಬೇಡಿ. ದೇವರು ಬೇಡವಾದ ಹುಡುಗ ಹಬ್ಬದ ಹಿಂದಿನ ರಾತ್ರಿ ಚರ್ಚಿಗೆ ದೀಪ ಕಟ್ಟುತ್ತಾ ಕೂರುವುದಿಲ್ಲ.

ಆದ್ದರಿಂದ ಜಪಸರದ ಕೊನೆಯ ಆ ಕೋರಿಕೆಯನ್ನು ಇವತ್ತೇ ನಿಲ್ಲಿಸಿ. ಅವನಿಗಾಗಿ ಪ್ರಾರ್ಥಿಸಿ, ಖಂಡಿತ ಪ್ರಾರ್ಥಿಸಿ, ಆದರೆ ಅವನ ಕಿವಿಗೆ ಬೀಳದಂತೆ. ಕೋಣೆ ಸೇರಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಲು ಯೇಸು ಹೇಳಿದ್ದು ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯದಲ್ಲಿದೆ. ನಿಮ್ಮ ಮನೆಯಲ್ಲಿ ಹಾಗೆ ಬಾಗಿಲು ಹಾಕಿಕೊಳ್ಳಬೇಕಾದವರು ನೀವು. ಬೆಳಗ್ಗೆ ಒಲೆ ಹಚ್ಚುವ ಮುಂಚೆ ಇಷ್ಟು ಹೇಳಿಕೊಂಡರೆ ಸಾಕು:

“ಪ್ರಭುವೇ, ಈ ಮಗುವನ್ನು ನನಗಿಂತ ಮೊದಲೇ ಬಲ್ಲವನು ನೀನು. ಅವನಿಗೆ ಎಲ್ಲಿ ಕಷ್ಟವಾಗುತ್ತಿದೆಯೋ ಅದು ನನ್ನ ಕಣ್ಣಿಗೆ ಬೀಳುವಂತೆ ಮಾಡು. ಇವತ್ತೊಂದು ದಿನ ಅವನನ್ನು ಯಾರಿಗೂ ಹೋಲಿಸದ ಹಾಗೆ ನನ್ನ ನಾಲಿಗೆಯನ್ನು ಕಾಯಿ. ಅವನು ನಮ್ಮಿಂದ ದೂರ ಸರಿದು ಕೂತಾಗಲೂ ಅವನ ಪಕ್ಕದಲ್ಲಿ ನೀನಿರು. ಆಮೆನ್.”

ಮಕ್ಕಳಿಗಾಗಿ ಅತ್ತ ತಾಯಂದಿರಿಗೆ ನಮ್ಮ ಗುರುಗಳು ಸಂತ ಮೋನಿಕಾಳ ಕಥೆ ಹೇಳುವುದು ವಾಡಿಕೆ. ಮಗ ಅಗಸ್ಟೀನ್ ಹುಟ್ಟಿದ್ದು 354ರಲ್ಲಿ, ಉತ್ತರ ಆಫ್ರಿಕದ ಥಗಾಸ್ತೆಯಲ್ಲಿ. ಬಾಲ್ಯದಲ್ಲಿ ಅವನಿಗೆ ಪಾಠಕ್ಕಿಂತ ಚೆಂಡಾಟವೇ ಇಷ್ಟ, ಗ್ರೀಕ್ ಭಾಷೆಯೆಂದರೆ ವಿಷ. ಶಾಲೆಯಲ್ಲಿ ಹೊಡೆತ ತಪ್ಪಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದನಂತೆ. ಅವನ ಬಾಸುಂಡೆ ನೋಡಿ ದೊಡ್ಡವರು, ಹೆತ್ತವರೂ ಸೇರಿ, ನಗುತ್ತಿದ್ದರು ಎಂದು ಮುಂದೆ ಅವನೇ ಬರೆದುಕೊಂಡಿದ್ದಾನೆ. ಮಗ ದಾರಿ ತಪ್ಪಿದನೆಂದು ಮೋನಿಕಾ ಒಬ್ಬ ಬಿಷಪರ ಬಳಿ ಹೋಗಿ, ಅವನಿಗೆ ಬುದ್ಧಿ ಹೇಳಿ ಎಂದು ಗೋಗರೆದಳು. ಬಿಷಪರು ಒಪ್ಪಲಿಲ್ಲ. ಕಲಿಯುವ ಮನಸ್ಸು ಅವನಿಗಿನ್ನೂ ಬಂದಿಲ್ಲ, ಸದ್ಯಕ್ಕೆ ಅವನ ಪಾಡಿಗೆ ಬಿಡು, ನೀನು ಪ್ರಾರ್ಥಿಸುತ್ತಿರು ಎಂದರು. ಬಿಡದೆ ಕಾಡಿದಾಗಲೇ ಅವರು, ಇಂಥ ಕಣ್ಣೀರಿನ ಮಗ ಹಾಳಾಗಲಾರ ಎಂಬ ಮಾತು ಆಡಿದ್ದು. ನಮ್ಮ ಪ್ರವಚನಗಳಲ್ಲಿ ಕಣ್ಣೀರು ಉಳಿದಿದೆ, ಅವನ ಪಾಡಿಗೆ ಬಿಡು ಎಂಬುದು ಬಿದ್ದುಹೋಗಿದೆ. ಅಗಸ್ಟೀನನಿಗೆ ಮಿಲಾನಿನಲ್ಲಿ ಸ್ನಾನದೀಕ್ಷೆಯಾಗಿದ್ದು 387ರ ಈಸ್ಟರ್‌ಗೆ, ಅವನ 32ನೇ ವಯಸ್ಸಿನಲ್ಲಿ. ನೊವೇನದ ಒಂಬತ್ತು ದಿನದ ಲೆಕ್ಕ ಅಲ್ಲಿ ನಡೆಯಲಿಲ್ಲ.

ಹಾಗಂತ ಸುಮ್ಮನಿರಿ ಎನ್ನುತ್ತಿಲ್ಲ. ಹನ್ನೆರಡು ವರ್ಷದ ಯೇಸು ಹೇಳದೆ ಕೇಳದೆ ಜೆರುಸಲೇಮಿನ ದೇವಾಲಯದಲ್ಲಿ ಉಳಿದುಬಿಟ್ಟಾಗ ಮರಿಯಮ್ಮ ಏನು ಮಾಡಿದಳು, ಲೂಕನ ಎರಡನೇ ಅಧ್ಯಾಯ ತೆಗೆದು ನೋಡಿ. ಮೂರನೇ ದಿನ ಸಿಕ್ಕ ಮಗನನ್ನೇ ನೇರವಾಗಿ ಕೇಳಿದಳು, ತಾವಿಬ್ಬರೂ ಪಟ್ಟ ಸಂಕಟವನ್ನೂ ಹೇಳಿದಳು. ಅವನು ಕೊಟ್ಟ ಉತ್ತರ ಅರ್ಥವಾಗದಿದ್ದರೂ ಮನಸ್ಸಿನಲ್ಲಿ ಇಟ್ಟುಕೊಂಡಳು. ನೀವೂ ಮಗನನ್ನೇ ಕೇಳಿ. “ಯಾಕೆ ಓದುವುದಿಲ್ಲ” ಎಂದರೆ ಜಗಳವಾಗುತ್ತದೆ. “ಯಾವ ಪಾಠ ತಲೆಗೆ ಹತ್ತುತ್ತಿಲ್ಲ?” ಎಂದು ಕೇಳಿ. ಮೊದಲ ದಿನ ಏನೂ ಇಲ್ಲ ಎನ್ನುತ್ತಾನೆ. ಬಿಡಿ, ಮತ್ತೊಂದು ದಿನ ಕೇಳಿ.

ಅವನ ಉತ್ತರ ಅರ್ಧದಷ್ಟು ನಿಮ್ಮ ಪತ್ರದಲ್ಲೇ ಇದೆ. ಏಳರವರೆಗೆ ಚೆನ್ನಾಗಿದ್ದ ಹುಡುಗ ಎಂಟರಲ್ಲಿ ಇಂಗ್ಲಿಷ್ ಮೀಡಿಯಂಗೆ ಹೋದ ಮೇಲೆ ಕೆಟ್ಟ ಎನ್ನುತ್ತೀರಿ. ಕೆಟ್ಟದ್ದು ಹುಡುಗನೋ, ದಾರಿಯೋ? ದ್ಯುತಿಸಂಶ್ಲೇಷಣೆ ಎಂದು ಕಲಿತದ್ದು ರಾತ್ರೋರಾತ್ರಿ ಫೋಟೋಸಿಂಥೆಸಿಸ್ ಆಗಿ, ಪಕ್ಕದವರೆಲ್ಲ ಎಲ್‌ಕೆಜಿಯಿಂದ ಅದನ್ನೇ ಓದಿ ಬಂದವರಾದರೆ, ಕೈ ಎತ್ತಿ ಪ್ರಶ್ನೆ ಕೇಳುವ ಧೈರ್ಯ ಎಷ್ಟು ಮಕ್ಕಳಿಗಿರುತ್ತದೆ? ಗೊತ್ತಿಲ್ಲ ಎನ್ನುವುದಕ್ಕಿಂತ ಇಷ್ಟವಿಲ್ಲ ಎನ್ನುವುದು ಆ ವಯಸ್ಸಿಗೆ ಸುಲಭ. ನನ್ನ ಬಳಿ ಬರುವ ‘ಸೋಮಾರಿ’ ಹುಡುಗರಲ್ಲಿ ಅನೇಕರು ನಾಚಿಕೆ ಮುಚ್ಚಿಕೊಳ್ಳುತ್ತಿರುವವರು. ನಿಮ್ಮ ಮಗ ಓದುತ್ತಿರುವುದು ರಾಜ್ಯ ಪಠ್ಯಕ್ರಮವಾದರೆ, ಅದೇ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ, ಗಣಿತ ಪುಸ್ತಕಗಳನ್ನು ತರಿಸಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಪಾಠ ಮೊದಲು ಕನ್ನಡದಲ್ಲಿ ಅರ್ಥವಾಗಲಿ, ಇಂಗ್ಲಿಷ್ ಪದಗಳನ್ನು ಆಮೇಲೆ ಕೂಡಿಸಿಕೊಳ್ಳಬಹುದು. ಒಂದು ವೇಳೆ ಮೊದಲ ಪರೀಕ್ಷೆಯಲ್ಲಿ ಎಡವಿದರೂ ಅದೇ ವರ್ಷ ಮತ್ತೊಮ್ಮೆ ಬರೆಯುವ ಅವಕಾಶ ಎಸ್ಸೆಸ್ಸೆಲ್ಸಿಗೆ ಇದೆ. ಈ ಮಾತನ್ನು ಅವನಿಗೂ ಹೇಳಿಬಿಡಿ, ಎದೆಯ ಭಾರ ಇಳಿಯಲಿ.

ಯಜಮಾನರಿಗೆ ಒಂದು ಮಾತು. ಜ್ಞಾನೋಕ್ತಿಗಳಲ್ಲಿ ಬೆತ್ತ ಇರುವುದು ನಿಜ. ಕೊಲೊಸ್ಸೆಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದಲ್ಲಿ ಪೌಲನು ತಂದೆಯರನ್ನೇ ಕರೆದು, ಮಕ್ಕಳನ್ನು ಕೆಣಕಬೇಡಿ, ಅವರು ಎದೆಗುಂದಿಯಾರು ಎಂದು ಎಚ್ಚರಿಸಿದ್ದೂ ಅಷ್ಟೇ ನಿಜ. ಅದನ್ನೂ ಓದಲಿ. ಶಾಲೆಗಳಲ್ಲಿ ಹೊಡೆತವನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮೇಷ್ಟ್ರು ಮಾಡಬಾರದ್ದನ್ನು ಅಪ್ಪ ಯಾಕೆ ಮಾಡಬೇಕು?

ಮೊಬೈಲಿನ ಜಗಳಕ್ಕೆ ದೇವರನ್ನು ಎಳೆಯಬೇಡಿ. ಅದು ಮನೆಯ ಕಟ್ಟಳೆ. ರಾತ್ರಿ ಊಟವಾದ ಮೇಲೆ ಎಲ್ಲರ ಫೋನೂ ಹಾಲ್‌ನಲ್ಲಿರಲಿ, ಅಪ್ಪನದೂ ಸೇರಿ. ಅಪ್ಪನ ಫೋನ್ ಸೇರದಿದ್ದರೆ ಆ ಕಟ್ಟಳೆ ಎರಡು ದಿನವೂ ಬಾಳುವುದಿಲ್ಲ.

ಇನ್ನು ಆ ಸೀರಿಯಲ್ ಲೈಟ್. ನೀವದನ್ನು ದೂರಿನ ಪಟ್ಟಿಗೆ ಸೇರಿಸಿದ್ದೀರಿ, ನನಗೆ ಇಡೀ ಪತ್ರದಲ್ಲಿ ಕಂಡ ಒಳ್ಳೆಯ ಸುದ್ದಿ ಅದೇ. 1841ರ ಡಿಸೆಂಬರ್ 8ರಂದು ಟ್ಯೂರಿನ್ ನಗರದ ಚರ್ಚೊಂದರಲ್ಲಿ ಪೂಜೆಗೆ ಸಹಾಯ ಮಾಡಲು ಬಾರದ ಒಬ್ಬ ಅನಾಥ ಹುಡುಗನನ್ನು ಚರ್ಚಿನ ಆಳು ಕೋಲಿನಿಂದ ಬಾರಿಸಿ ಅಟ್ಟಿದ. ಪಾದ್ರಿ ಡಾನ್ ಬೋಸ್ಕೊ ಅವನನ್ನು ವಾಪಸು ಕರೆಸಿದರು. ಓದು ಬರುತ್ತದೆಯೇ? ಇಲ್ಲ. ಬರೆಯಲು? ಅದೂ ಇಲ್ಲ. ಶಿಳ್ಳೆ ಹಾಕಲು ಬರುತ್ತದೆಯೇ ಎಂದು ಕೇಳಿದಾಗ ಹುಡುಗ ನಕ್ಕನಂತೆ. ಶಿಲುಬೆಯ ಗುರುತು ಹಾಕಲು ಕಲಿಸಿದ್ದು, ಜೊತೆಗೂಡಿ ಪ್ರಾರ್ಥಿಸಿದ್ದು ಅದಾದ ಮೇಲೆ. ಅವರ ಸಲೇಷಿಯನ್ ಶಾಲೆಗಳ ಪರಂಪರೆ ಬೆಳೆದು ಬಂದದ್ದು ಆ ಭೇಟಿಯಿಂದ. ವೈರು, ಬಲ್ಬು ನಿಮ್ಮ ಮಗನ ಶಿಳ್ಳೆ. ಸರ್ಕ್ಯೂಟ್ ಪಾಠವನ್ನು ಅಲ್ಲಿಂದಲೇ ಶುರುಮಾಡಬಹುದು. ಮುಂದೆ ಐಟಿಐ, ಡಿಪ್ಲೊಮಾ ಎಂದರೆ ಮುಖ ಸಿಂಡರಿಸಬೇಡಿ. ಅಕ್ಕನ ದಾರಿ ಅಕ್ಕನಿಗೆ.

ಜಪಸರಕ್ಕೆ ಬಾ ಎಂದು ಕೆಲವು ವಾರ ಕರೆಯಬೇಡಿ. ಬೆಳಗ್ಗೆ ಶಾಲೆಗೆ ಹೊರಟಾಗ ಹಣೆಗೊಂದು ಶಿಲುಬೆ ಗುರುತು ಹಾಕಿ ಕಳಿಸಿ, ಉಪದೇಶ ಬೇಡ. ತಾನಾಗಿ ಬಂದು ಕೂತ ದಿನ, ಯಾರಿಗಾಗಿ ಪ್ರಾರ್ಥಿಸೋಣ ಎಂದು ಅವನನ್ನೇ ಕೇಳಿ. ಗೆಳೆಯನ ಮುರಿದ ಕೈಗಾಗಿ ಎಂದರೆ ಅದಕ್ಕಾಗಿ. ಕ್ರಿಕೆಟ್ ಮ್ಯಾಚಿಗೆ ಎಂದರೂ ನಗಬೇಡಿ.

ನೊವೇನ ಮಾಡಲೇಬೇಕೆಂದಿದ್ದರೆ ಪರೀಕ್ಷೆ ಬರೆಯುವವರ ಪಾಲಕ ಸಂತ ಕುಪೆರ್ತಿನೊದ ಜೋಸೆಫರಿಗೆ ಮಾಡಿ. ಓದು ತಲೆಗೆ ಹತ್ತದೆ ಒದ್ದಾಡಿದ 17ನೇ ಶತಮಾನದ ಮನುಷ್ಯ ಅವರು. ಚೆನ್ನಾಗಿ ಗೊತ್ತಿದ್ದ ಒಂದೇ ಒಂದು ಭಾಗವನ್ನು ಪರೀಕ್ಷೆಯಲ್ಲಿ ಕೇಳಿದರು, ಪಾಸಾದರು ಎಂಬುದು ಕಥೆ. ಆ ಒಂದನ್ನಾದರೂ ಅವರು ಓದಿಕೊಂಡಿದ್ದರು ಎನ್ನುವುದು ನೆನಪಿರಲಿ! ದೋರನಹಳ್ಳಿಯ ಹರಕೆ ಹೊತ್ತವರು ನೀವು, ತೀರಿಸುವವರೂ ನೀವೇ. ಅವನ ಅಂಕಕ್ಕೆ ಅದನ್ನು ಗಂಟು ಹಾಕಬೇಡಿ.

ಒಂದು ಎಚ್ಚರಿಕೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನಿದ್ದೆ, ಊಟ ಕೆಟ್ಟರೆ, ಗೆಳೆಯರನ್ನೂ ಆ ದೀಪದ ಕೆಲಸವನ್ನೂ ಬಿಟ್ಟರೆ, ಸಾಯುವ ಮಾತು ಒಮ್ಮೆ ಬಂದರೂ ತಡಮಾಡದೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ವೈದ್ಯರ ಬಳಿ ಹೋದರೆ ವಿಶ್ವಾಸ ಕಡಿಮೆಯಾಯಿತು ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಧ್ಯಾನಕೂಟಕ್ಕೆ ಅವನಾಗಿ ಹೋಗುತ್ತೇನೆ ಎಂದರೆ ಕಳಿಸಿ, ಶಿಕ್ಷೆಯೆಂದು ಕಳಿಸಬೇಡಿ. ಅದಕ್ಕಿಂತ ಮೊದಲು ಈ ಶನಿವಾರ ಶಾಲೆಗೆ ಹೋಗಿ ವಿಜ್ಞಾನದ ಮೇಷ್ಟ್ರನ್ನು ಕಂಡು ಬನ್ನಿ. ಹೋಗುವ ವಿಷಯ ಮಗನಿಗೆ ತಿಳಿಸಿಯೇ ಹೋಗಿ.