ಸಿಗ್ನಲ್ ಇಲ್ಲವೆಂದು ಬೂಸ್ಟರ್ ತರಬೇಡಿ

ಆವಣಿ ಬೆಟ್ಟದ ಮರೆಯ ಊರಿರಲಿ, ಮಾಲೂರಿನ ತಗಡಿನ ಶೆಡ್ ಇರಲಿ, ಸಿಗ್ನಲ್ ಸಿಗದಿದ್ದರೆ ಈಗ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ: ಆನ್‌ಲೈನ್‌ನಲ್ಲಿ ಬೂಸ್ಟರ್ ತರಿಸುವುದು. ಅದೊಂದನ್ನು ಬಿಟ್ಟು ಬೇರೆ ಏನಾದರೂ ಮಾಡಿ.

ಮೊದಲು ಅಳೆಯಿರಿ. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ‘ಸಿಮ್ ಸ್ಟೇಟಸ್’ನಲ್ಲಿ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿರುತ್ತದೆ. 4ಜಿಗೆ ಮೈನಸ್ 90ರ ಆಸುಪಾಸು ಚೆನ್ನ. ಮೈನಸ್ 115 ದಾಟಿದರೆ ಮಾತು ತುಂಡಾಗುತ್ತದೆ. ಅಂಗಳದಲ್ಲಿದ್ದು ನಡುಮನೆಯಲ್ಲಿಲ್ಲವೇ? ತಪ್ಪು ಗೋಡೆಯದು. ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ, ಮುಗಿಯಿತು. ಅಂಗಳದಲ್ಲೂ ಇಲ್ಲದಿದ್ದರೆ ಟವರಿನ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಬೇಕು. ಅದನ್ನು ಮೊಬೈಲ್ ಕಂಪನಿಯೇ ಹಾಕಬೇಕು.

ಕಡ್ಡಿಗಳೆಲ್ಲ ತುಂಬಿದ್ದೂ ಇಂಟರ್‌ನೆಟ್ ತೆವಳುವುದು ಬೇರೆಯದೇ ಕಾಯಿಲೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಿನ ಹೊತ್ತಿಗೆ ಎಲ್ಲರ ಕೈಯಲ್ಲೂ ಫೋನು, ಟವರ್ ಅದೇ. ಅದೇ ಟವರನ್ನೇ ಹಂಚುವ ರಿಪೀಟರ್ ಅಲ್ಲಿ ದಂಡ. ಫೈಬರ್ ಎಳೆದ ಸ್ಮಾಲ್ ಸೆಲ್, ಅಂದರೆ ಪುಟ್ಟ ಟವರ್, ಹಾಕುವಂತೆ ಕಂಪನಿಯನ್ನು ಕೇಳಿ.

ಇನ್ನು ಬೂಸ್ಟರ್. ತಾರಸಿ ಮೇಲೊಂದು ಆಂಟೆನಾ, ಅದರ ಕೆಳಗಿನ ಕೋಣೆಯಲ್ಲೇ ಇನ್ನೊಂದು. ಒಳಗಿನದು ಬಿಟ್ಟ ಸಿಗ್ನಲ್ಲನ್ನು ಹೊರಗಿನದು ಮತ್ತೆ ಹಿಡಿಯುತ್ತದೆ, ಬೂಸ್ಟರ್ ಅದನ್ನು ಮತ್ತೆ ಹಿಗ್ಗಿಸುತ್ತದೆ. ಸ್ಪೀಕರ್ ಮುಂದೆ ಮೈಕ್ ಹಿಡಿದರೆ ಕೀರಲು ಹೊರಡುತ್ತದಲ್ಲ, ಹಾಗೆ. ಆ ಗದ್ದಲ ನೇರ ಟವರಿಗೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ಕಡ್ಡಿ ಏರಿರುತ್ತದೆ, ಸುತ್ತಲಿನವರ ಕರೆ ಮಾತ್ರ ಟವರಿಗೆ ಕೇಳುವುದಿಲ್ಲ. ಊರೆಲ್ಲ ಕಂಪನಿಯನ್ನು ಬೈಯುತ್ತದೆ, ಕಾರಣ ನಿಮ್ಮ ತಾರಸಿಯಲ್ಲಿರುತ್ತದೆ. ಪರವಾನಗಿ ಪಡೆದ ಕಂಪನಿಗಳ ಹೊರತು ಯಾರೂ ಇದನ್ನು ಮಾರುವಂತಿಲ್ಲ, ಬಳಸುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ ಎಂದು ದೂರಸಂಪರ್ಕ ಇಲಾಖೆ 2022ರಲ್ಲೇ ಹೇಳಿದೆ. ಅಂಗಡಿಯವನು ‘ಗವರ್ನಮೆಂಟ್ ಅಪ್ರೂವ್ಡ್’ ಎಂದರೆ ನಂಬಬೇಡಿ. ಈಗಾಗಲೇ ಹಾಕಿಸಿದ್ದರೆ ಇವತ್ತೇ ಪ್ಲಗ್ ಕೀಳಿ.

ಬೂಸ್ಟರಿನ ಬದಲು 198ಕ್ಕೆ ಕರೆ ಮಾಡಿ ನಿಮ್ಮ ಕಂಪನಿಗೆ ದೂರು ಕೊಡಿ. ‘ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಹೇಳಿದರೆ ಫೋನ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಒಳಗಿನ, ಹೊರಗಿನ ಡಿಬಿಎಂ, ಜಾಗ, ಹೊತ್ತು ಹೇಳಿ ದೂರಿನ ಡಾಕೆಟ್ ನಂಬರ್ ಬರೆದುಕೊಳ್ಳಿ. ಬೀದಿಯವರೆಲ್ಲ ಬೇರೆಬೇರೆಯಾಗಿ ದೂರಿದರೆ ಒಳ್ಳೆಯದು. ಕೇಳದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರ, ಶುಲ್ಕವಿಲ್ಲ. ಅದೂ ಆಗದಿದ್ದರೆ ಬೇರೆ ಕಂಪನಿಗೆ ಹೋಗಲು 1900ಕ್ಕೆ ಪೋರ್ಟ್ ಮೆಸೇಜ್. ಅದಕ್ಕೂ ಮೊದಲು ಆ ಹೊಸ ಕಂಪನಿಯ ಸಿಮ್ ಇರುವವರನ್ನು ಕರೆದು ನಿಮ್ಮ ನಡುಮನೆಯಲ್ಲೇ ಡಿಬಿಎಂ ನೋಡಿ.