ಬಿಳಿ ಗೂಡಿನ ಜಪಾನ್ ನಂಟು

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಹಳದಿ ಮಿಶ್ರತಳಿ ಗೂಡಿನ ಜೊತೆಗೆ ಬಿಳಿ ಗೂಡೂ ಹರಾಜಾಗುತ್ತದೆ. ಪರೀಕ್ಷೆಗೆ ಓದುವವರು ಗಮನಿಸಬೇಕಾದದ್ದು ಈ ಬಿಳಿಯನ್ನೇ.

ವಿದ್ಯುತ್ ಮಗ್ಗದ ಹಾಸು ನೂಲಿಗೆ ಗಟ್ಟಿಯಾದ, ಸಮನಾದ ಎಳೆ ಬೇಕು. ಅದು ಸಿಗುವುದು ಈ ಬಿಳಿ ದ್ವಿತಳಿ ಗೂಡಿನಿಂದ; ಸಾಲದೆ ಬಂದಷ್ಟು ಚೀನಾದಿಂದ ಆಮದು. ಈ ಕೊರತೆಯ ಪರಿಹಾರಕ್ಕೆ ಜಪಾನಿನ ಜೈಕಾ ಸಂಸ್ಥೆ 1991ರಿಂದ 2007ರವರೆಗೆ ಹಂತ ಹಂತವಾಗಿ ಕೇಂದ್ರ ರೇಷ್ಮೆ ಮಂಡಳಿಯೊಂದಿಗೆ ಕೈಜೋಡಿಸಿತು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯಲ್ಲಿ ಸಿಎಸ್‌ಆರ್ ಎಂಬ ದ್ವಿತಳಿಗಳು ರೂಪುಗೊಂಡವು. ಸಂಶೋಧನೆ ಪ್ರಯೋಗಾಲಯದಲ್ಲೇ ಉಳಿಯದೆ ಹುಳುಮನೆ ತಲುಪಿತು. ಇಂಥ ಯೋಜನೆಗಳಲ್ಲಿ ಅದೇ ಅಪರೂಪ.

ವಿಶ್ವಬ್ಯಾಂಕ್ ಮತ್ತು ಸ್ವಿಟ್ಜರ್ಲೆಂಡ್ ನೆರವಿನ ರಾಷ್ಟ್ರೀಯ ರೇಷ್ಮೆ ಯೋಜನೆ ಜೈಕಾ ಸಹಯೋಗಕ್ಕೂ ಮೊದಲೇ, 1989ರಲ್ಲಿ, ಶುರುವಾಗಿತ್ತು.

ರೇಷ್ಮೆಯ ವಿದೇಶಿ ನಂಟಿನಲ್ಲಿ ಇದನ್ನೂ ನೆನಪಿಡಿ: ಅಂತಾರಾಷ್ಟ್ರೀಯ ರೇಷ್ಮೆ ಆಯೋಗದ ಕೇಂದ್ರ ಕಚೇರಿ 2013ರಲ್ಲಿ ಫ್ರಾನ್ಸಿನ ಲಿಯೋನ್‌ನಿಂದ ಬೆಂಗಳೂರಿಗೆ ಬಂತು.